ಸುದ್ದಿ ಬೈರಯ್ಯ ಚುಕ್ಕಿ ನೋಡಿದ ರಾತ್ರಿ

ನಮ್ಮ ದೊಡ್ಡಪ್ಪ ಬೈರಯ್ಯನನ್ನು ಕಂಡರೆ ಜನ ಅಳುತ್ತಿದ್ದರು. ಅವನು ಯಾರಿಗೂ ಕೆಡುಕು ಮಾಡಿದವನಲ್ಲ. ಸೈಕಲ್ ಮೇಲೆ ಬರುತ್ತಿದ್ದ, ಅಷ್ಟೆ. ನಮ್ಮ ದೊಡ್ಡಗದ್ದವಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಪರವೂರಿನ ನೆಂಟರಿಗೆ ಸುದ್ದಿ ಮುಟ್ಟಿಸುವ ಕೆಲಸ ನಮ್ಮ ಮನೆತನದ್ದು. ತಾತ ನಡೆದು ಹೋಗುತ್ತಿದ್ದ, ದೊಡ್ಡಪ್ಪ ಸೈಕಲ್ ತುಳಿದ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ನಮ್ಮೂರ ಹೆಣ್ಣು ಕೊಟ್ಟ ಊರುಗಳಿಗೆಲ್ಲ ಹೋಗಿದ್ದ. ಒಂದೂರಿಗೂ ಸುಮ್ಮನೆ ಹೋಗಿರಲಿಲ್ಲ.

ಆ ಕೆಲಸಕ್ಕೂ ಒಂದು ರೀತಿ ಇತ್ತು. ‘ಸತ್ತರು’ ಅನ್ನಕೂಡದು. ಬಾಗಿಲಿಗೆ ನೇರವಾಗಿ ಹೋಗಕೂಡದು. ಊರ ಮುಂದಿನ ಅರಳಿಕಟ್ಟೆ ಹತ್ತಿರ ಸೈಕಲ್ ನಿಲ್ಲಿಸಿ, ಮನೆಯ ಗಂಡಸನ್ನು ಕರೆಸಿ, “ಸ್ವಲ್ಪ ಉಸಾರಿಲ್ವಂತೆ, ಈಗ್ಲೇ ಬರ್ಬೇಕಂತೆ” ಎನ್ನಬೇಕು. ಯಾರೂ ನಂಬುತ್ತಿರಲಿಲ್ಲ ಅನ್ನಿ. ಜ್ವರ ಬಂದಿದೆ ಅಂತ ಹೇಳುವುದಕ್ಕೆ ಯಾವ ಪುಣ್ಯಾತ್ಮ ಅಷ್ಟು ದೂರ ಸೈಕಲ್ ತುಳಿಯುತ್ತಾನೆ? ಅವನು ಕಟ್ಟೆ ಹತ್ತಿರ ಇಳಿಯುವಷ್ಟರಲ್ಲೇ ಬೀದಿಯ ಹೆಂಗಸರು ಬಾಯಿ ಬಡಿದುಕೊಳ್ಳಲು ಶುರು. ಆ ಗಲಾಟೆಯಲ್ಲಿ ಸುದ್ದಿ ತಂದವನಿಗೆ ಒಂದು ಲೋಟ ನೀರು ಕೊಡಬೇಕು ಅನ್ನುವುದು ಎಲ್ಲರಿಗೂ ಮರೆತುಹೋಗುತ್ತಿತ್ತು. ನೆನಪಿದ್ದವರೂ ನಮ್ಮ ಜಾತಿಗೆ ಲೋಟದಲ್ಲಿ ಕೊಡುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಹಾಸನದ ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲ್ ಅಂಗಡಿ ಇಟ್ಟೆ. ಊರಿಗೆಲ್ಲ ಫೋನ್ ಬಂತು, ದೊಡ್ಡಪ್ಪನ ಕೆಲಸ ಹೋಯಿತು. “ನಿನ್ ಅಂಗ್ಡಿ ನನ್ ಕ್ಯಲ್ಸ ಕಿತ್ಕೊಂತು ಕಣ್ಲಾ ಅಶೋಕ” ಅಂತ ಅವನು ಗೊಣಗುತ್ತಿದ್ದ. “ಅದೂ ಒಂದು ಕೆಲ್ಸವಾ ದೊಡ್ಡಪ್ಪ, ಹೋದ್ರೆ ಪೀಡೆ ತೊಲಗ್ತು” ಅಂತ ನಾನು. ನನಗೆ ಆ ಕೆಲಸದ ಮೇಲೆ ಮೊದಲಿಂದಲೂ ಸಿಟ್ಟು. ದೊಡ್ಡಮ್ಮ ತೀರಿಕೊಂಡ ಮೇಲೆ ಅವನು ನಮ್ಮ ಮನೆಯಲ್ಲೇ ಇದ್ದ. ಕೆಲಸ ಹೋದರೂ ಹೆಸರು ಹೋಗಲಿಲ್ಲ, ಅವನು ಸುದ್ದಿ ಬೈರಯ್ಯನೇ.

ಅವನಿಗಿದ್ದದ್ದು ಒಬ್ಬಳೇ ಮಗಳು, ಯಶೋಧರಾ. ನನಗೆ ಅಕ್ಕ. ಹಳ್ಳಿಮೈಸೂರಿನ ದೇವರಾಜ್‌ಗೆ ಕೊಟ್ಟಿದ್ದು. ಮದುವೆಯಾದ ತಿಂಗಳಿಗೆ ಮಗಳನ್ನು ನೋಡೋಣ ಅಂತ ದೊಡ್ಡಪ್ಪ ಹೊಸ ಪಂಚೆ ಉಟ್ಟು ಹೊರಟ. ಹಳೇ ಚಾಳಿ, ಸೈಕಲ್ ಮೇಲೇ ಹೋದ. ಆ ಬೀದಿಗೆ ಹಿಂದೆ ಅವನು ಎರಡು ಮೂರು ಸಲ ಸುದ್ದಿ ಒಯ್ದಿದ್ದ. ಕೊಳಾಯಿ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಇವನನ್ನು ಕಂಡಳು, ಬಿಂದಿಗೆ ಬಿಟ್ಟಳು, ಕಿರುಚಿದಳು. ಬೀದಿಗೆ ಬೀದಿಯೇ ಎದ್ದಿತು. ಅಕ್ಕನ ಅತ್ತೆ, ಸೊಸೆಯ ತವರಲ್ಲಿ ಯಾರು ಹೋದರೋ ಅಂತ, ಜಗಲಿ ಮೇಲೇ ಎಚ್ಚರ ತಪ್ಪಿದರು. ದೊಡ್ಡಪ್ಪ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಕಳ್ಳನ ಹಾಗೆ ನಿಂತಿದ್ದನಂತೆ. ಆಮೇಲೆ ಅವನು ಮಗಳ ಮನೆಗೆ ಹೋಗಲೇ ಇಲ್ಲ. ಬಸ್ಸಿನಲ್ಲಿ ಹೋಗಿ ಹಳ್ಳಿಮೈಸೂರಿನ ಬಸ್‌ಸ್ಟಾಪಿನಲ್ಲೇ ಕೂರುತ್ತಿದ್ದ. ಅಕ್ಕ ಅಲ್ಲಿಗೇ ಡಬ್ಬಿಯಲ್ಲಿ ಊಟ ತರುತ್ತಿದ್ದಳು. ಅಪ್ಪ ಮಗಳು ಬೆಂಚಿನ ಮೇಲೆ ಕೂತು ಮಾತಾಡಿ, ಬಂದ ಬಸ್ಸಿಗೇ ಅವನು ವಾಪಸ್ಸು. ಮೊಮ್ಮಗಳು ಪ್ರೇಕ್ಷಾಳನ್ನು ಅವನು ಮೊದಲು ಎತ್ತಿಕೊಂಡದ್ದೂ ಆ ಬೆಂಚಿನ ಮೇಲೆಯೇ.

ಪ್ರೇಕ್ಷಾ ಈಗ ಹೈಸ್ಕೂಲು. ಚುರುಕು ಹುಡುಗಿ, ತಾತನನ್ನೇ ಗದರುತ್ತಾಳೆ. ಹೋದ ಡಿಸೆಂಬರಿನಲ್ಲಿ ಫೋನ್ ಮಾಡಿ, ಇಂಥ ರಾತ್ರಿ ಉಲ್ಕೆಗಳ ಮಳೆ ಬರುತ್ತದೆ, ಆಕಾಶದಿಂದ ಸಾಲು ಸಾಲಾಗಿ ಚುಕ್ಕಿ ಉದುರುತ್ತವೆ, ನಮ್ಮ ಮನೆ ತಾರಸಿಗೆ ಬಾ, ಒಟ್ಟಿಗೆ ನೋಡೋಣ ಅಂದಳು.

“ಚುಕ್ಕಿ ಉದ್ರಿದ್ರೆ ಯಾರೋ ಓದ್ರು ಅಂತ ಕಣವ್ವ. ಅದ್ನೇನು ಕೂತ್ಕಂಡು ನೋಡೋದು?” ಅಂದ ದೊಡ್ಡಪ್ಪ. ಅವನಿಗೆ ಅದು ಬರೀ ನಂಬಿಕೆಯಲ್ಲ, ಕಸುಬು. ರಾತ್ರಿ ಚುಕ್ಕಿ ಬಿದ್ದದ್ದು ಕಂಡರೆ ಬೆಳಗ್ಗೆ ಎದ್ದವನೇ ಸೈಕಲ್ಲಿನ ಗಾಳಿ ನೋಡುತ್ತಿದ್ದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಎಷ್ಟೋ ಸಲ ಸರಿಹೋಗಿತ್ತು.

“ತಾತಾ, ಅದು ಚುಕ್ಕಿನೇ ಅಲ್ಲ. ಧೂಳು, ಸಣ್ಣ ಸಣ್ಣ ಕಲ್ಲು. ಗಾಳಿಗೆ ಸಿಕ್ಕಿ ಉರಿದೋಗುತ್ತೆ ಅಷ್ಟೇ. ಯಾರೂ ಸಾಯಲ್ಲ” ಅಂದಳು ಪ್ರೇಕ್ಷಾ.

ರಾತ್ರಿ ಹೊತ್ತು ಆ ಬೀದಿಗೆ ಬರುವುದಿಲ್ಲ ಅಂತ ದೊಡ್ಡಪ್ಪ ಹಟ ಹಿಡಿದ. ಹಗಲಲ್ಲಿ ಕಂಡರೇ ಬಿಂದಿಗೆ ಬಿಡುವವರು ರಾತ್ರಿ ಕಂಡರೆ ಬದುಕುತ್ತಾರಾ? ಕೊನೆಗೆ ಅಕ್ಕನೇ ಫೋನ್ ಇಸಿದುಕೊಂಡಳು. “ಅಪ್ಪಾ, ಅವ್ಳು ಇಲ್ಲಿ ನೋಡ್ಲಿ, ನೀನು ಅಲ್ಲಿ ನೋಡು. ಬೆಳಗ್ಗೆ ಫಸ್ಟ್ ಬಸ್ಸಿಗೆ ಬಾ. ಬಸ್‌ಸ್ಟಾಪಲ್ಲಿ ಕೂತ್ಕಂಡ್ರೆ ನಾನು ಬರಾಕಿಲ್ಲ. ಸೀದಾ ಮನೆಗೇ ಬರ್ಬೇಕು. ಅವ್ರೆಕಾಳು ಸಾರು ಮಾಡಿರ್ತೀನಿ. ಅತ್ರೆ ಅಳ್ಲಿ ಜನ. ನನ್ ಮನೆ ಬಾಗ್ಲು ನೋಡ್ದೇನೇ ಓಗ್ಬುಡ್ತೀಯಾ ನೀನು?”

“ಆಯ್ತು, ಬತ್ತೀನಿ ಕಣವ್ವ” ಅಂದ ದೊಡ್ಡಪ್ಪ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, “ಲೇ, ಜಲ್ಮದಲ್ಲಿ ಒಂದ್ಸಲ ಒಳ್ಳೇ ಸುದ್ದಿ ತಕ್ಕಂಡೋಯ್ತೀನಿ ಕಣ್ಲಾ. ಚುಕ್ಕಿ ಸುದ್ದಿ” ಅಂತ ನಕ್ಕ.

ಪ್ರೇಕ್ಷಾಳ ಅಪ್ಪಣೆಗಳು ಒಂದೆರಡಲ್ಲ. ಬೆಂಕಿ ಹಾಕಬಾರದು, ಬೀಡಿ ಹಚ್ಚಬಾರದು, ಫೋನ್ ಆಫ್ ಮಾಡಿ ದೂರ ಇಡಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು, ಒಂದು ಸಲ ಬೆಳಕು ನೋಡಿದರೆ ಮತ್ತೆ ಮೊದಲಿಂದ ಶುರುವಂತೆ. ನಾವಿಬ್ಬರೂ ನಮ್ಮ ರಾಗಿ ಕಣಕ್ಕೆ ಹೋದೆವು. ನಾನು ನನ್ನ ಫೋನನ್ನೂ ಅವನದನ್ನೂ ಆಫ್ ಮಾಡಿದೆ. ಮೆದೆಗೆ ಒರಗಿ, ಕಂಬಳಿ ಹೊದ್ದು ಮಲಗಿದೆವು. ಚಳಿ ಮೂಳೆಗೆ ಇಳಿಯುತ್ತಿತ್ತು. ಬಹಳ ಹೊತ್ತು ಏನೂ ಇಲ್ಲ.

“ನಿನ್ ಅಕ್ಕನ್ ಮಗ್ಳು ನಮ್ಮಿಬ್ಬರ್ನೂವೆ ಮಂಗ ಮಾಡವ್ಳೆ” ಅಂದ ದೊಡ್ಡಪ್ಪ. ಹೇಳಿ ಮುಗಿಸುವ ಮೊದಲೇ ಒಂದು ಉದುರಿತು. ಅವನು ದಡಕ್ಕನೆ ಎದ್ದು ಕೂತ. “ಯಾರ್ ಮನೇದ್ಲಾ ಅದು?” ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡು, “ಧೂಳು, ಧೂಳು” ಅಂತ ತನಗೇ ಹೇಳಿಕೊಂಡು ಮಲಗಿದ.

ಆಮೇಲೆ ಬರತೊಡಗಿದವು ನೋಡಿ. ತಲೆಯ ಮೇಲೊಂದು, ಗುಡಿಯ ಕಡೆಗೊಂದು, ಕೆರೆಯ ಕಡೆಗೊಂದು. ಕೆಲವು ಗೀರಿದ ಹಾಗೆ ತೆಳ್ಳಗೆ, ಕೆಲವು ಹಸಿರು ಬೆಳಕು ಬಿಟ್ಟು. ಮೊದಮೊದಲು ದೊಡ್ಡಪ್ಪನಿಗೆ ಸುಮ್ಮನಿರಲು ಆಗಲಿಲ್ಲ. ಪ್ರತಿಯೊಂದಕ್ಕೂ ಒಂದು ಹೆಸರು ನೆನಪಾಗುತ್ತಿತ್ತು. ಪಾಲಾಕ್ಷಪ್ಪನ ತಾಯಿ ಹೋದ ರಾತ್ರಿ ಇಂಥದ್ದೇ ಬಿದ್ದಿತ್ತು, ಶ್ರವಣಬೆಳಗೊಳದ ದಾರಿಯಲ್ಲಿ ಕಂಡೆ ಅಂದ. ಗುಂಡಯ್ಯನ ಎಳೇ ಮಗು ಹೋದಾಗ ಹೇಳುವುದಕ್ಕೇ ಆಗದೆ ಕೆರೆ ಏರಿ ಮೇಲೆ ಒಂದು ಗಳಿಗೆ ಕೂತಿದ್ದೆ. ಹೀಗೆ ಹೇಳುತ್ತಾ ಹೋದ. ಅಷ್ಟು ವರ್ಷ ಅವನು ಅದನ್ನೆಲ್ಲ ಯಾರ ಹತ್ತಿರವೂ ಆಡಿರಲಿಲ್ಲ. ಕತ್ತಲಲ್ಲಿ ನನಗೆ ಅವನ ಮುಖ ಕಾಣುತ್ತಿರಲಿಲ್ಲ, ಸದ್ಯ, ನನ್ನದೂ ಅವನಿಗೆ ಕಾಣುತ್ತಿರಲಿಲ್ಲ.

ಎಷ್ಟೋ ಹೊತ್ತಿಗೆ ಹೆಸರುಗಳು ನಿಂತವು. ಅವನು ಸುಮ್ಮನೆ ನೋಡತೊಡಗಿದ. ಆಮೇಲೆ ನಗತೊಡಗಿದ. “ಅಗೋ! ಅಗೋ ಇನ್ನೊಂದ್ಲಾ! ಅಯ್ಯೋ ನೋಡ್ದಾ?” ಅಂತ ನನ್ನ ತೋಳು ತಿವಿದೂ ತಿವಿದೂ ನೋಯಿಸಿದ. ಯಾರ ಮನೆಗೂ ಹೋಗಬೇಕಾಗಿಲ್ಲದ ಚುಕ್ಕಿಗಳನ್ನು ಅವನು ನೋಡಿದ್ದು ಅದೇ ಮೊದಲು. ಒಂದು ದೊಡ್ಡದು ಅರ್ಧ ಆಕಾಶ ಸೀಳಿಕೊಂಡು ಹೋಯಿತು, ಕಣದ ಮೇಲೆ ನಮ್ಮ ನೆರಳು ಬಿತ್ತು.

“ಇದ್ನ ಅವ್ರು ನೋಡವ್ರಾ ಅಂತೀಯಾ? ಒಂದ್ ಫೋನ್ ಮಾಡ್ಲಾ” ಅಂದ.

“ಬೆಳಕು ನೋಡಿದ್ರೆ ಕಣ್ಣು ಕೆಡುತ್ತೆ ಅಂದವ್ಳಲ್ವಾ ನಿನ್ ಮೊಮ್ಮಗ್ಳು. ಬೆಳಗ್ಗೆ ಓಯ್ತೀಯಲ್ಲ, ಆಗ ಕೇಳು” ಅಂದೆ.

ಎಷ್ಟು ಬಿದ್ದವು ಅಂತ ಲೆಕ್ಕ ತಪ್ಪಿಹೋಗಿತ್ತು. “ನೂರು ಅಂತ ಏಳ್ಬುಡ್ತೀನಿ. ಮೊಮ್ಮಗ್ಳಿಗೆ ಸೋತಂಗಿರ್ಬಾರ್ದು” ಅಂದ. ಬೆಳಕು ಹರಿಯುವ ಮೊದಲೇ ಎದ್ದು, ಹೊಲದಿಂದ ಒಂದು ಚೀಲ ಸೊಗಡು ಅವರೆಕಾಯಿ ಕಿತ್ತು, ಹೊಸ ಪಂಚೆ ಉಟ್ಟು ಮೊದಲ ಬಸ್ಸು ಹತ್ತಿದ. ನಾನು ಕಣದಲ್ಲೇ ನಿದ್ದೆ ಹೋದೆ.

ಎದ್ದು ಫೋನ್ ಆನ್ ಮಾಡಿದರೆ ದೇವರಾಜ್ ಭಾವನ ಮಿಸ್ಡ್ ಕಾಲ್‌ಗಳು ಸಾಲಾಗಿ ಬಂದವು. ತಿರುಗಿ ಮಾಡಿದೆ. ಅಕ್ಕ ಮಗಳ ಜೊತೆ ತಾರಸಿಯಲ್ಲಿ ಚುಕ್ಕಿ ನೋಡುತ್ತಾ ಕೂತಿದ್ದಳಂತೆ. ಎದೆ ಹಿಡಿದ ಹಾಗಾಗುತ್ತೆ, ಚಳಿಗೇನೋ ಅಂತ ಕೆಳಗಿಳಿದಳಂತೆ. ಹೊಳೆನರಸೀಪುರದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. “ಮಾವನ ಫೋನು ಆಫು, ನಿಂದೂ ಆಫು, ಆ ಹೊತ್ತಲ್ಲಿ ಊರಲ್ಲಿ ಇನ್ಯಾರೂ ಎತ್ಲಿಲ್ಲ” ಅಂತ ಭಾವ ಅತ್ತರು. ದೊಡ್ಡಪ್ಪನ ನಂಬರಿಗೆ ಮಾಡಿದೆ. ಇನ್ನೂ ಆಫ್. ಚುಕ್ಕಿಯ ಗುಂಗಿನಲ್ಲಿ ಅವನಿಗೆ ಫೋನ್ ಇರುವುದೇ ಮರೆತುಹೋಗಿತ್ತು.

ಬೈಕ್ ಹತ್ತಿದೆ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅವನಿರಲಿಲ್ಲ. ಹೊಳೆನರಸೀಪುರ ದಾಟಿದ ಮೇಲೆ ಬಸ್ಸು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕೂತಿದ್ದ. ಪಕ್ಕದವನಿಗೆ ಕೈ ಮೇಲೆತ್ತಿ ಆಕಾಶ ತೋರಿಸುತ್ತಾ ಏನೋ ಹೇಳುತ್ತಿದ್ದ, ಆ ಮನುಷ್ಯ ನಗುತ್ತಿದ್ದ. ಹಾರ್ನ್ ಹೊಡೆದು ಬಸ್ಸು ನಿಲ್ಲಿಸಬಹುದಿತ್ತು. ನಿಲ್ಲಿಸಿ ಏನು ಹೇಳಲಿ? ನಮ್ಮ ಮನೆತನದ ಕೆಲಸವನ್ನು ಪೀಡೆ ಅಂದವನು ನಾನು. ಅದನ್ನು ಮಾಡುವ ಹೊತ್ತು ಬಂದಾಗ ನನ್ನ ನಾಲಿಗೆ ಏಳಲಿಲ್ಲ. ಹಳ್ಳಿಮೈಸೂರಿನವರೆಗೂ ಬಸ್ಸಿನ ಹಿಂದೆಯೇ ಹೋದೆ.

ಅವನು ಇಳಿದು, ಬೆಂಚಿನ ಕಡೆ ತಿರುಗಿಯೂ ನೋಡದೆ, ಚೀಲ ಹೆಗಲಿಗೇರಿಸಿ ಬೀದಿಗೆ ನಡೆದ. ನಾನು ಬೈಕ್ ನಿಲ್ಲಿಸಿ ಹಿಂದೆ ಓಡಿದೆ. ಅಕ್ಕನ ಮನೆ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ದೊಡ್ಡಪ್ಪನನ್ನು ಕಂಡದ್ದೇ ತಡ, ಎಲ್ಲರೂ ಒಟ್ಟಿಗೆ ಗೋಳೋ ಎಂದು ಅತ್ತರು.

ದೊಡ್ಡಪ್ಪ ನಿಂತ. ಎರಡೂ ಕೈ ಮೇಲೆತ್ತಿ ನಕ್ಕ.

“ಅಯ್ಯಯ್ಯೋ, ಸುಮ್ಕಿರ್ರವ್ವಾ! ಎದ್ರುಕೋಬ್ಯಾಡಿ! ನಾನು ಯಾವ ಸುದ್ದಿನೂ ತಂದಿಲ್ಲ. ಯಾರೂ ಸತ್ತಿಲ್ಲ ಕಣ್ರವ್ವಾ. ಮಗ್ಳ ಮನೆಗೆ ಉಣ್ಣಕ್ ಬಂದಿವ್ನಿ, ಅಷ್ಟೇಯಾ!”

ಅಳು ಇನ್ನೂ ಜೋರಾಯಿತು. ಒಬ್ಬಾಕೆ ಬಂದು ಅವನ ಕಾಲ ಬಳಿ ಕುಸಿದಳು. ಅವನು ಇದೇನು ಅನ್ನುವ ಹಾಗೆ ಸುತ್ತ ನೋಡಿದ. ತಿರುಗಿದಾಗ ನಾನು ಅವನ ಕಣ್ಣಿಗೆ ಬಿದ್ದೆ. ನಾನು ಹತ್ತಿರ ಹೋಗಲಾರದೆ ದೂರವೇ ನಿಂತುಬಿಟ್ಟಿದ್ದೆ. ಅವನ ನಗು ಮುಖದಿಂದ ನಿಧಾನವಾಗಿ ಇಳಿಯಿತು.

“ಯಾರ್ಲಾ ಅಶೋಕ?” ಅಂದ.

“ಅಕ್ಕ, ದೊಡ್ಡಪ್ಪ” ಅಂದೆ. ಹುಷಾರಿಲ್ಲ ಅನ್ನುವ ಸುಳ್ಳನ್ನಾದರೂ ಹೇಳಬಹುದಿತ್ತು. ನನಗೆ ಅದೂ ಬರಲಿಲ್ಲ.

ಅವನು ಚೀಲ ಕೆಳಗಿಟ್ಟ. ಯಾರ ಆಸರೆಯೂ ಇಲ್ಲದೆ ಜಗಲಿ ಹತ್ತಿದ. ನಡುಮನೆಯಲ್ಲಿ ಬುದ್ಧನ ಫೋಟೋ ಕೆಳಗೆ ಅಕ್ಕನನ್ನು ಮಲಗಿಸಿದ್ದರು. ಪಕ್ಕದಲ್ಲಿ ಪ್ರೇಕ್ಷಾ ಗೋಡೆಗೆ ಒರಗಿ ಕೂತಿದ್ದಳು. ತಾತನನ್ನು ಕಂಡು ಅವಳು ಹಿಂದೆ ಸರಿದಳು, ಹೊಡೆಸಿಕೊಳ್ಳುವ ಮಗುವಿನ ಹಾಗೆ.

“ಅಮ್ಮ ನಿನ್ನ ಕೇಳಿದ್ರು ತಾತಾ. ಅಪ್ಪ ಫೋನ್ ಮಾಡ್ತಾನೇ ಇದ್ರು. ಫೋನ್ ಆಫ್ ಮಾಡು ಅಂದಿದ್ದು ನಾನೇ. ನಾನೇ ತಾತಾ” ಅಂದಳು.

ದೊಡ್ಡಪ್ಪ ಅವಳ ಪಕ್ಕ ಕೂತ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಮಗಳ ಮುಖ ನೋಡುತ್ತಾ, ಬಹಳ ಮೆಲ್ಲಗೆ ಹೇಳಿದ.

“ಒಳ್ಳೇದೇ ಆಯ್ತು ಬುಡವ್ವ. ಸುದ್ದಿ ಬರೋಗಂಟ ಯಾರೂ ಸತ್ತಿರಾಕಿಲ್ಲ. ನಂಗೊತ್ತು, ದಾರಿ ಉದ್ದಕ್ಕೂ ನಾನೇ ಕಂಡಿವ್ನಿ. ನೀನು ಆಫ್ ಮಾಡ್ಸಿದ್ದುಕ್ಕೆ, ನಿಮ್ಮವ್ವ ನಂಗೆ ಈ ಬೀದಿ ಬಾಗ್ಲುಗಂಟ ಬದುಕಿದ್ಲು.”