ರಂಗಮ್ಮಾಳಿಗೊಂದು ಬುಟ್ಟಿ

ಗೂಡಲೂರಿನ ರಂಗಮ್ಮಾಳ್ ವಯರ್ ಬುಟ್ಟಿ ಹೆಣೆಯಲು ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುವವಳಲ್ಲ. ದ್ರಾಕ್ಷಿ ತೋಟದಿಂದ ಬಂದು, ಉಂಡು, ಜಗಲಿಯ ಕಂಬಕ್ಕೆ ಒರಗಿ ಬಣ್ಣದ ಪ್ಲಾಸ್ಟಿಕ್ ಎಳೆಗಳನ್ನು ತೊಡೆಯ ಮೇಲೆ ಹರಡಿಕೊಂಡಳೆಂದರೆ ಜಗತ್ತೇ ಬೇಡ ಅವಳಿಗೆ. ಒಂದೊಂದು ಗಂಟೂ ನೆಲ್ಲಿಕಾಯಿಯಂತೆ ದುಂಡಗೆ ಕೂರಬೇಕು. ಒಂದು ಸಡಿಲವಾದರೂ ಇಡೀ ಸಾಲು ಬಿಚ್ಚಿಬಿಡುವಳು.

ಇಷ್ಟಾಗಿ ಅವಳಿಗೇ ಒಂದು ಬುಟ್ಟಿ ಇರಲಿಲ್ಲ. ಹಸಿರಿನದನ್ನು ನಾದಿನಿ ತನ್ನೂರು ತೇನಿಗೆ ಒಯ್ದಳು. ಕೆಂಪಿನದರಲ್ಲಿ ಗಂಡ ಮೋಹನ್‌ರಾಜ್ ತೋಟದ ಔಷಧಿ ಬಾಟಲಿ ತುಂಬಿ ಹಾಳುಮಾಡಿದ. ಇನ್ನೊಂದನ್ನು ಮಗಳು ತೇನ್‌ಮೊಳಿ ಒಂದು ಮಾತೂ ಕೇಳದೆ ಗೆಳತಿಗೆ ಕೊಟ್ಟಳು. ಮಿಕ್ಕಿದ್ದೆಲ್ಲ ಎದುರುಮನೆಯ ಪೇಚ್ಚಿಯಮ್ಮಾಳ ಪಾಲು. ಇವಳು ಹೆಣೆಯುವಾಗ ಅವಳು ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತ ಊರ ಸುದ್ದಿ ಹೇಳುವುದು ಮದುವೆಯಾಗಿ ಬಂದಾಗಿನಿಂದ ನಡೆದುಬಂದ ರೂಢಿ. ಹಿಡಿ ಕಟ್ಟಿದ್ದೇ ತಡ, ತೋಳಿಗೆ ಏರಿಸಿಕೊಂಡು ಹೊರಟುಬಿಡುವಳು.

ರೋಸಿಹೋದ ರಂಗಮ್ಮಾಳ್ ಈ ಸಲ ಯಾರೂ ಕಣ್ಣೆತ್ತಿ ನೋಡಬಾರದೆಂದು ಸಗಣಿ ಬಣ್ಣಕ್ಕೆ ಕಡುಗುಲಾಬಿ ಸೇರಿಸಿ ಹೆಣೆದಳು. ಪೇಚ್ಚಿಯಮ್ಮಾಳ್ ಕೈಗೆತ್ತಿಕೊಂಡು ಕಣ್ಣರಳಿಸಿ ಹೇಳಿದಳು: "ರೊಂಬ ಅಳಗಾ ಅದೆಯಲ್ಲೇ! ಇದು ನಂಗೆ."

"ಕೆಳಗಿಡೇ ಅದ್ನ!" ರಂಗಮ್ಮಾಳ್ ಕಿರುಚಿದಳು. "ಊರಿಗೆಲ್ಲ ಕೂಡೆ ಹೆಣೆಯೋಳು ನಾನು, ಸಂತೆಗೆ ಹೋಗೋದು ಜವುಳಿ ಅಂಗಡಿ ಪೈಚೀಲದಲ್ಲಿ! ಅದೂ ಕಿತ್ತೋಗಿ ತಕ್ಕಾಳಿ ಹಣ್ಣೆಲ್ಲಾ ಬಸ್ ಅಡಿಗೆ ಹೋತು. ನಿಂಗೆ ಒಂದಿನಾನಾದ್ರೂ ತೋಚ್ತಾ?"

"ಒಂದು ಕೂಡೆಗೆ ಇಷ್ಟು ಕೋಪವಾ?" ಪೇಚ್ಚಿಯಮ್ಮಾಳ್ ಬುಟ್ಟಿ ಇಟ್ಟು, ಕಡಲೆಕಾಯಿಯನ್ನೂ ಬಿಟ್ಟು ಹೋದಳು.

ಆ ಸಂಜೆಯೇ ನಾದಿನಿ ಬಂದಳು. ರಂಗಮ್ಮಾಳ್ ಹಿತ್ತಲಲ್ಲಿ ಪಾತ್ರೆ ತಿಕ್ಕಿ ಬರುವಷ್ಟರಲ್ಲಿ ಆ ಬುಟ್ಟಿಯೂ ತೇನಿ ಬಸ್ ಹತ್ತಿತ್ತು.

ಆಮೇಲೆ ಪೇಚ್ಚಿಯಮ್ಮಾಳ್ ಇತ್ತ ಸುಳಿಯಲಿಲ್ಲ. ಅವಳ ಮಾತಿಲ್ಲದೆ ರಂಗಮ್ಮಾಳಿಗೆ ಗಂಟುಗಳು ಕೂರಲಿಲ್ಲ. ಬಿಚ್ಚುವುದು, ಹೆಣೆಯುವುದು, ಮತ್ತೆ ಬಿಚ್ಚುವುದು. "ಬಾಯಿ ನೋವು ಬಂದಿದೆಯೇನೋ ಆ ಮಾರಾಯ್ತಿಗೆ!" ಎಂದು ಎದುರುಮನೆಯ ಮುಚ್ಚಿದ ಬಾಗಿಲಿಗೆ ಬಯ್ಯುವಳು.

ಒಂದು ಮಧ್ಯಾಹ್ನ ಆ ಬಾಗಿಲು ತೆರೆಯಿತು. ಪೇಚ್ಚಿಯಮ್ಮಾಳ್ ಬಂದವಳೇ ಹಳದಿ ಬುಟ್ಟಿಯೊಂದನ್ನು ಇವಳ ಮಡಿಲಿಗೆ ಎಸೆದಳು. "ತಗೋ. ಫೋನಲ್ಲಿ ವೀಡಿಯೋ ಪಾತ್ತು ನಾನೇ ಹಾಕ್ದೆ." ಅವಳ ಬೆರಳ ತುದಿಯಲ್ಲಿ ಬೊಬ್ಬೆಗಳೆದ್ದಿದ್ದವು.

ಬುಟ್ಟಿ ಎಡಕ್ಕೆ ವಾಲಿತ್ತು. ಒಂದು ಹಿಡಿ ಉದ್ದ, ಒಂದು ಮೋಟು. ತಳದ ಸಂದಿನಲ್ಲಿ ನಿಂಬೆಹಣ್ಣು ಜಾರಿಬೀಳುವಂತಿತ್ತು. ರಂಗಮ್ಮಾಳ ಬೆರಳುಗಳು ತಾವಾಗಿಯೇ ಮೊದಲ ಗಂಟಿಗೆ ಹೋದವು.

"ಬಿಚ್ಚಿದ್ರೆ ಕೊಂದ್ಬುಡ್ತೀನಿ."

"ಬಿಚ್ಚಲ್ಲ ಬುಡೇ," ಎಂದಳು ರಂಗಮ್ಮಾಳ್. ಸಿಟ್ಟಿನಿಂದಲೇ ಬುಟ್ಟಿಯನ್ನು ತೋಳಿಗೆ ಏರಿಸಿಕೊಂಡಳು.

ಸಂತೆಯಲ್ಲಿ ಮಾನ ಹೋಯಿತು. "ಯಾಕ್ ರಂಗಮ್ಮಾ, ಕಣ್ಣು ಮಂಜಾತಾ?" ಎಂದು ಬದನೆಕಾಯಿಯವಳೂ ಕೇಳಿದಳು, ಬಾಳೆಹಣ್ಣಿನವಳೂ ಕೇಳಿದಳು. "ಇದು ನಾನ್ ಹಾಕಿದ್ದಲ್ಲ, ಪೇಚ್ಚಿ ಹಾಕಿದ್ದು!" ಎಂದು ಹೇಳಿ ಹೇಳಿ ಅವಳಿಗೆ ನಾಲಿಗೆ ಒಣಗಿತು. ಮುಂದಿನ ವಾರವೂ ಅದನ್ನೇ ಹಿಡಿದು ಹೋದಳು. ನಾದಿನಿ ಬಂದಾಗ ಅದನ್ನು ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಬರೀ ಕಾಫಿ ಕುಡಿದು ಹೋದಳು.

ಈಗ ಪೇಚ್ಚಿಯಮ್ಮಾಳ್ ಕಡಲೆಕಾಯಿ ಸುಲಿಯುವುದಿಲ್ಲ. ತಾನೂ ಎಳೆ ಹಿಡಿದು ಕೂರುತ್ತಾಳೆ. ರಂಗಮ್ಮಾಳ ಹೆಣಿಗೆ ಒಂದು ಸಾಲೂ ಮುಂದೆ ಹೋಗುತ್ತಿಲ್ಲ. ಮಧ್ಯಾಹ್ನ ಆ ಬೀದಿಯಲ್ಲಿ ಹಾದುಹೋದವರಿಗೆ ಅವಳ ಕೂಗು ಕೇಳಿಸುತ್ತದೆ: "ಅಯ್ಯೋ, ಹಂಗೆ ಇಳುಕ್ಬೇಡವೇ, ಎಳೆ ಕಿತ್ತೋಯ್ತದೆ! ಮೆಲ್ಲಗೆ! ಕೊಡಿಲ್ಲಿ!"