ಕಾಸಿಂ ಸಾಯಬರ ಊದುಗೊಳವೆ

ಆಗ ನನಗೆ ಇಪ್ಪತ್ತೆರಡು. ಅರವತ್ತು ವರ್ಷ ಆಯಿತು. ತೀರ್ಥಹಳ್ಳಿಯಲ್ಲಿ ಕಾರು ರಿಪೇರಿ ಮಾಡುತ್ತಿದ್ದ ಕಾಸಿಂ ಸಾಯಬರ ಸೊಂಟದಲ್ಲಿ ಯಾವಾಗಲೂ ಒಂದು ಊದುಗೊಳವೆ ಸಿಕ್ಕಿಸಿರುತ್ತಿತ್ತು. ನಾವು ಒಲೆ ಊದುವ ಕಬ್ಬಿಣದ ಕೊಳವೆಯೇ. ಅದರ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಕಿವಿಗೆ. ಕಣ್ಣು ಮುಚ್ಚಿ ಕೂತರೆಂದರೆ ಸುತ್ತ ನಿಂತವರು ಕೆಮ್ಮುವ ಹಾಗಿಲ್ಲ. ಕೆಮ್ಮಿದರೆ, "ಮೊದ್ಲು ನಿಮ್ದು ರಿಪೇರಿ ಮಾಡ್ಲಾ?" ಅನ್ನುತ್ತಿದ್ದರು.

ಸಾಗರದ ಸಾಹುಕಾರರೊಬ್ಬರ ಕಾರಿನಲ್ಲಿ ಕೀಚ್ ಕೀಚ್ ಸದ್ದು. ಶಿವಮೊಗ್ಗದಲ್ಲೂ ತೋರಿಸಿ ಆಗಿತ್ತಂತೆ. ಸಾಯಬರು ಕಿವಿಕೊಟ್ಟು ಎದ್ದವರು, "ಇಂಜಿನ್ ಚೆನ್ನಾಗೈತೆ ಸ್ವಾಮಿ. ಸೀಟಿನ ಕೆಳಗೆ ಇಲಿ ಬಾಣಂತಿ ಅವ್ಳೆ. ಹದಿನೈದು ದಿನ ಕಾರ್ ತೆಗೀಬೇಡಿ" ಅಂದರು. ಸೀಟು ಎತ್ತಿದರೆ ಐದು ಮರಿ.

ಅವರದು ಒಂದು ನೇಮ. ಸದ್ದು ಹುಡುಕುವಾಗ ಕಾರಿನೊಳಗೆ ಅಲ್ಲಾಡುವ ಒಂದು ಬೆಂಕಿಪೊಟ್ಟಣವೂ ಇರಬಾರದು. ಇನ್ನೊಂದು, ಹೆಂಗಸರನ್ನು ಕೇಳುವುದು. "ಗಂಡಸ್ರು ಮುಂದೆ ಕೂತು ಹರಟ್ತಾರೆ. ಹಿಂದೆ ಬಾಯಿ ಮುಚ್ಕೊಂಡು ಕೂರೋರಿಗೇ ಸದ್ದು ಗೊತ್ತಾಗೋದು." ನನ್ನನ್ನು ಒಂದು ಮಾತು ಕೇಳಿದ ಗಂಡಸು ಅವರೊಬ್ಬರೇ. ನಾನು ಕೊಟ್ಟ ಉತ್ತರ ಹೇಳುತ್ತೇನೆ.

ನಮ್ಮವರು ಒಂದು ಹಳೇ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಅತ್ತೆ ಚೌಡಿಗೆ ಹರಕೆ ಹೊತ್ತು, ಒಂದು ತೆಂಗಿನಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿದ್ದರು. ದೀಪಾವಳಿಗೆ ಚೌಡಿಯ ಮುಂದೆ ಒಡೆಯುವ ತನಕ ಅದನ್ನು ತೆಗೆಯಬಾರದು. ಮಕ್ಕಳಾಗದ ನಾನಂತೂ ಮುಟ್ಟಲೇಬಾರದು.

ಎರಡು ತಿಂಗಳಿಗೆ ಕಾರಿನ ಹಿಂದುಗಡೆ ಗಟ ಗಟ ಶುರುವಾಯಿತು. ಸಾಯಬರು ಮನೆಗೇ ಬಂದರು. ಚಾಪೆ, ಸ್ಟೆಪ್ನಿ, ಎಲ್ಲ ಅಂಗಳಕ್ಕೆ ಇಳಿಸಿದರು. ಕಾಯಿಗೆ ಕೈ ಹಾಕಿದಾಗ ಅತ್ತೆ ಕೂಗಿದರು.

"ಅದು ಚೌಡಮ್ಮನ ಕಾಯಿ, ಸಾಯಬ್ರೇ! ಮುಟ್ಬೇಡಿ!"

ಸಾಯಬರು ಕೈ ಹಿಂದಕ್ಕೆ ತೆಗೆದು ಪಂಚೆಗೆ ಒರೆಸಿಕೊಂಡರು. ಕಾಯಿ ಒಳಗಿದ್ದ ಹಾಗೇ ಒಂದು ಸುತ್ತು ಹೊಡೆದು ಬಂದರು. ಗಟ ಗಟ.

"ಒಳಗೆ ಕೊಬ್ರಿ ಚಿಪ್ಪು ಬಿಟ್ಟಿರ್ಬೇಕು, ಅದೇ ಅಲ್ಲಾಡ್ತದೆ" ಅಂದರು ನಮ್ಮವರು. ಖರ್ಚಿಲ್ಲದ ಕಾಯಿಲೆ ಎಂದು ಅವರಿಗೆ ಖುಷಿ.

ಸಾಯಬರು ನನ್ನ ಕಡೆ ತಿರುಗಿದರು. "ಹಿಂದೆ ಕೂರೋರು ನೀವು. ಸದ್ದು ಕಾಯೀದೇನಾ, ತಂಗಿ?"

ನನಗೆ ಗೊತ್ತಿತ್ತು. ವಾರದ ಹಿಂದೆ ಯಾರೂ ಇಲ್ಲದಾಗ ಆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದೆ. ಕೊಬ್ಬರಿ ಬಿಟ್ಟಿರಲಿಲ್ಲ. ಸದ್ದೇ ಇರಲಿಲ್ಲ. ಅಲ್ಲ ಅಂದರೆ, ನಿಂಗೆ ಹೇಗೆ ಗೊತ್ತು ಅನ್ನುತ್ತಾರೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಕಾಯೀದೇ" ಅಂದೆ.

ಸಾಯಬರು ಊದುಗೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಂಬಿದರೋ ಇಲ್ಲವೋ. ಮರುದಿನ ನಮ್ಮವರು ಹೊಸನಗರಕ್ಕೆ ಹೊರಟಾಗ, "ನಾನೂ ಬರ್ತೀನಿ, ಹಿಂದೆ ಕೂತ್ಕೊಂಡು ಇನ್ನೊಂದ್ಸಲ ಕೇಳ್ತೀನಿ" ಎಂದು ಊದುಗೊಳವೆ ಹಿಡಿದು ಹತ್ತಿದರು. ನಾನು ಜಗುಲಿಯಲ್ಲಿ ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು.

ಕವಲೇದುರ್ಗದ ಕಡೆಯ ಇಳಿಜಾರಿನಲ್ಲಿ ಆಕ್ಸೆಲ್ ತುಂಡಾಗಿ ಹಿಂದಿನ ಚಕ್ರ ಕಳಚಿತು. ಕಾರು ಹಳ್ಳಕ್ಕೆ ಬಿತ್ತು. ನಮ್ಮವರ ಕೈ ಮುರಿಯಿತು. ಸಾಯಬರು ಅಲ್ಲೇ ಹೋದರು. "ಕಾಯಲ್ಲ, ಚಕ್ರ! ನಿಲ್ಸಿ!" ಅಂದರಂತೆ ಕೊನೆಗೆ. ಬ್ರೇಕಿಗೆ ಕಾಲಿಡುವುದರೊಳಗೆ ಎಲ್ಲ ಮುಗಿದಿತ್ತು.

ಡಿಕ್ಕಿಯ ಕಾಯಿಗೆ ಒಂದು ಗೀರೂ ಆಗಿರಲಿಲ್ಲ. ಯಾರೋ ತಂದುಕೊಟ್ಟರು. ಅತ್ತೆ ಅದನ್ನು ದೇವರ ಗೂಡಿನಲ್ಲಿಟ್ಟು ಕೈ ಮುಗಿದು, "ನನ್ನ ಮಗನ್ನ ಉಳಿಸಿದ್ದು ಇದೇ. ಆ ಸಾಯಬ ಕಾಯಿಗೆ ಕೈ ಹಾಕ್ದ, ಚೌಡಿ ಬಿಡ್ತಾಳಾ?" ಅಂದರು. ನಮ್ಮವರು ಹೂಂ ಅಂದರು. ಸಾಯಬರ ಹೆಂಡತಿಗೆ ಮುಖ ತೋರಿಸಲು ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಗೂಡಿನಿಂದ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ. ಕತ್ತಿಯ ಬೆನ್ನಿನಿಂದ ಒಡೆದು, ತುರಿದು, ಸೂಜಿಮೆಣಸು ಹಾಕಿ ಚಟ್ನಿ ರುಬ್ಬಿದೆ. ಅತ್ತೆ ರೊಟ್ಟಿಗೆ ಎರಡು ಸಲ ಹಾಕಿಸಿಕೊಂಡರು.