ದೂಮಪ್ಪನ ಕಾಲಿಗೆ ಸಮಿತಿಯ ಶೂ

ದೂಮಪ್ಪ ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ಪರದೆ ಕಟ್ಟಿದವನು. ಮೂಲ್ಕಿಯ ಕಡೆಯವನು, ಕೆಲಸ ವಾದಿ ಕಬೀರ್ ಬಡಾವಣೆಯ ಮಹ್ರೂಫ್ ಸಾಹೇಬರ ಪರದೆ-ಕಾರ್ಪೆಟ್ಟಿನ ಅಂಗಡಿಯಲ್ಲಿ. ಅರಬರ ಮನೆಯಾಗಲಿ, ನಮ್ಮವರ ಮನೆಯಾಗಲಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುವುದು, ಏಣಿ ಹತ್ತುವುದು, ಕಂಬಿ ಕೂರಿಸಿ ಪರದೆ ಏರಿಸುವುದು. ಈ ಊರಿನ ಒಳ್ಳೊಳ್ಳೆಯ ಕಾರ್ಪೆಟ್ಟುಗಳ ಮೆತ್ತಗಿನ ಸುಖ ಅವುಗಳ ಯಜಮಾನರಿಗಿಂತ ಮೊದಲು ಸಿಕ್ಕಿದ್ದು ದೂಮಪ್ಪನ ಅಂಗಾಲಿಗೆ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಶಾಹೀನ್ ಚಂಡಮಾರುತ ಬಂದ ದಿನ ಅವನು ಕರಾವಳಿಯ ಸುವೈಕ್ ಊರಿನಲ್ಲಿದ್ದ. ಗಿರಾಕಿಯ ಮನೆಯ ಕಿಟಕಿಗಳ ಅಳತೆ ತೆಗೆದು ಹೊರಡುವಷ್ಟರಲ್ಲಿ ನೀರು ನುಗ್ಗಿತು, ಕಾಂಪೌಂಡ್ ಗೋಡೆ ಕುಸಿದು ಬಲಗಾಲಿನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮಹ್ರೂಫ್ ಅವನನ್ನು ಊರಿಗೆ ಕಳಿಸಲಿಲ್ಲ. ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿ ಕೊಟ್ಟು ಪರದೆಗಳಿಗೆ ಕೊಕ್ಕೆ ಪೋಣಿಸಲು ಹೇಳಿದರು. ಏಣಿಯ ಮೇಲಿದ್ದವನಿಗೆ ಕುರ್ಚಿ ಸಿಕ್ಕಿತಲ್ಲ ಎಂದು ಬೇರೆಯವರು ಸಮಾಧಾನ ಹೇಳಿದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ನಮ್ಮ ಕನ್ನಡಿಗರ ನೆರವು ಸಮಿತಿಗೆ ದೂಮಪ್ಪ ಸಿಕ್ಕಿದ. ಸಮಿತಿ ಆ ವರ್ಷ ಕೃತಕ ಕಾಲು ಕೊಡುವುದೆಂದು ತೀರ್ಮಾನಿಸಿ, ಬ್ಯಾನರು ಅಚ್ಚು ಹಾಕಿಸಿ, ಕಾಲಿಲ್ಲದವನನ್ನು ಹುಡುಕುತ್ತಿತ್ತು. ಕಾರ್ಯದರ್ಶಿ ಲತೇಶ್ ಫಾರಂ ಹಿಡಿದು ಅಂಗಡಿಗೇ ಬಂದ. ಹೆಸರು, ವಯಸ್ಸು ಕೇಳಿ ಬರೆದುಕೊಂಡ. ‘ಉದ್ಯೋಗ’ ಎಂದಿದ್ದ ಕಡೆ ಕೇಳದೆಯೇ ‘ಚಂಡಮಾರುತ ಸಂತ್ರಸ್ತ’ ಎಂದು ಬರೆದ.

“ಅಲ್ಲಿ ಪರದೆ ಕೆಲಸ ಅಂತ ಬರೀಬೇಕಲ್ವಾ ಸರ್?” ಎಂದ ದೂಮಪ್ಪ.

“ಅದೆಲ್ಲ ಬರ್ದ್ರೆ ಕೇಸಿಗೆ ವೆಯ್ಟ್ ಇರುದಿಲ್ಲ ದೂಮಪ್ಪಣ್ಣ. ನೀವು ಸುಮ್ನೆ ಇರಿ, ನಾವು ಮಾಡಿಸ್ತೇವೆ.”

ದೂಮಪ್ಪ ತೋರಿಸಿದ ಕಡೆ ಸಹಿ ಹಾಕಿದ. ಕೊಡುವವರ ಮಾತಿನ ನಡುವೆ ಬಾಯಿ ಹಾಕಬಾರದೆಂಬ ಸಂಕೋಚ ಅವನಿಗೆ ಕಾಲು ಹೋದರೂ ಹೋಗಿರಲಿಲ್ಲ.

ಬೌಷರಿನ ಕ್ಲಿನಿಕ್ಕಿನಲ್ಲಿ ಕಾಲು ಮಾಡುವವಳು ಮಂಗಳೂರಿನ ಜೊವಿಟಾ. ಅವಳು ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದಳು. “ಕಾಲಿಗೆ ಎಂತ ಹಾಕುದು ನೀವು ಹೆಚ್ಚಾಗಿ?” ಎಂದು ಕೇಳಿದಳು. ದೂಮಪ್ಪ ಬಾಯಿ ತೆರೆಯುವ ಮೊದಲೇ ಲತೇಶ್, “ಶೂ ಮೇಡಂ, ಶೂ! ಅದಕ್ಕೆ ಬೇರೆಯೇ ಸ್ಪಾನ್ಸರ್ ಇದ್ದಾರೆ,” ಎಂದು ಹೊಳೆಯುವ ಕರಿ ಶೂಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಜೊವಿಟಾ ಆ ಶೂವಿನ ಹಿಮ್ಮಡಿಯ ಎತ್ತರಕ್ಕೆ ಸರಿಯಾಗಿ ಪಾದ ಕೂರಿಸಿದಳು. ಸಮಿತಿ ತನ್ನ ಕೆಂಪು-ಹಳದಿ ಲಾಂಛನವನ್ನು ಆ ಕಾಲಿನ ಮೀನಖಂಡದ ಭಾಗಕ್ಕೆ ಅಂಟಿಸಿತು.

ಸಮಾರಂಭದಲ್ಲಿ ಅಧ್ಯಕ್ಷರು ನಲವತ್ತು ನಿಮಿಷ ಮಾತಾಡಿದರು, ದೂಮಪ್ಪ ಹನ್ನೊಂದು ಹೆಜ್ಜೆ ನಡೆದ. ಚಪ್ಪಾಳೆ ಬಿತ್ತು. ಎದುರು ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ದೂಮಪ್ಪನ ಕಣ್ಣಲ್ಲೂ ನೀರು ಬಂತು, ಅದು ಸುಳ್ಳಲ್ಲ. ನಾಳೆಯಿಂದ ಏಣಿ ಹತ್ತುತ್ತೇನೆಂದು ಅವನು ನಂಬಿದ್ದ.

ಮರುದಿನ ಅಂಗಡಿಗೆ ಹೋಗಿ, ರೂಢಿಯಂತೆ ಶೂ ಬಿಚ್ಚಿ, ಹಾಸಿದ್ದ ಕಾರ್ಪೆಟ್ಟಿನ ಮೇಲೆ ಕಾಲಿಟ್ಟ. ಎರಡನೆಯ ಹೆಜ್ಜೆಗೆ ಯಾರೋ ಎದೆಗೆ ಕೈಕೊಟ್ಟು ಹಿಂದಕ್ಕೆ ನೂಕಿದ ಹಾಗಾಯಿತು. ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಗಿರಾಕಿಗಳಿಗೆ ತೋರಿಸುವ ನಮೂನೆ ಪರದೆಗಳ ಕಂಬಿ. ಕಂಬಿ ಸಮೇತ ಕೆಳಗೆ ಬಿದ್ದವನನ್ನು ಮೂವತ್ತು ಬಗೆಯ ಬಟ್ಟೆಗಳ ಅಡಿಯಿಂದ ಹುಡುಕಿ ತೆಗೆಯಬೇಕಾಯಿತು.

ಮಹ್ರೂಫ್ ಅವನನ್ನು ಕೂರಿಸಿ ನೀರು ಕೊಟ್ಟರು. “ದೂಮಣ್ಣ, ಈದ್ ಹತ್ರ ಬಂತು. ಈದ್ ಕಳೆದ ವಾರ ನಿಮ್ಮ ವೀಸಾ ಮುಗೀತದೆ. ಪರದೆ ಕಟ್ಟುವವ ಅಂತ ವೀಸಾ ಇರುದು, ಕೊಕ್ಕೆ ಪೋಣಿಸ್ಲಿಕ್ಕೆ ಅಂತ ಹೊಸದು ಮಾಡ್ಲಿಕ್ಕೆ ವೀಸಾ ಕೊಡುವ ಕಫೀಲ್ ಒಪ್ಪುದಿಲ್ಲ. ಅಷ್ಟರೊಳಗೆ ಬರಿಗಾಲಲ್ಲಿ ಏಣಿ ಹತ್ತಿದ್ರೆ ಸರಿ. ಇಲ್ಲದಿದ್ರೆ ಖಲಾಸ್, ನನ್ನ ಕೈಯಲ್ಲಿ ಇಲ್ಲ ಮಾರಾಯ್ರೆ.”

ದೂಮಪ್ಪ ಲತೇಶನಿಗೆ ಫೋನು ಮಾಡಿದ.

“ಶೂ ಹಾಕಿದ್ರೆ ಸರಿ ನಡೀತೀರಲ್ಲ? ಮತ್ತೆಂತ? ತೆಗೀಬೇಡಿ,” ಎಂದ ಲತೇಶ್.

“ಜನರ ಕಾರ್ಪೆಟ್ ಮೇಲೆ ಶೂ ಹಾಕಿ ಹೋಗ್ಲಿಕ್ಕೆ ಆಗ್ತದಾ ಸರ್?”

“ನೋಡಿ ದೂಮಪ್ಪಣ್ಣ, ನಿಮ್ಮ ಕೇಸ್ ಕ್ಲೋಸ್ ಆಗಿದೆ. ಸಮಿತಿಯದ್ದು ಕಾಲು ಮುಗೀತು. ಇನ್ನು ಕಿವಿ.” ಕಿವುಡರಿಗೆ ಯಂತ್ರ ಹಂಚುವ ಸಮಿತಿಯ ಕಾರ್ಯದರ್ಶಿ ಇಷ್ಟು ಹೇಳಿ, ಈ ಕಡೆಯ ಮಾತು ಕೇಳದೆ ಫೋನು ಇಟ್ಟ.

ಕೊನೆಗೆ ದೂಮಪ್ಪ ಒಬ್ಬನೇ ಬಸ್ಸು ಹತ್ತಿ ಬೌಷರಿಗೆ ಹೋದ. ಜೊವಿಟಾ ಅವನ ಮಾತು ಕೇಳಿ, “ಬರಿಗಾಲಲ್ಲಿ ಎಂತಕ್ಕೆ ನಡೆಯುದು? ನೀವು ಕೆಲಸ ಎಂತ ಮಾಡುದು?” ಎಂದಳು.

“ಪರದೆ ಕಟ್ಟುದು ಮೇಡಂ.”

ಅವಳು ಫೈಲು ತೆಗೆದು ಉದ್ಯೋಗದ ಸಾಲು ಓದಿದಳು. ಮತ್ತೊಮ್ಮೆ ಓದಿದಳು. “ಅಯ್ಯೋ ದೇವರೇ! ಇದು ಕೆಲಸವಾ?” ಎಂದು ಫೈಲನ್ನು ಮೇಜಿಗೆ ಕುಕ್ಕಿದಳು. “ತಪ್ಪು ನಂದೂ ಉಂಟು, ನಿಮ್ಮತ್ರವೇ ಕೇಳ್ಬೇಕಿತ್ತು. ಶೂವಿನ ಎತ್ತರಕ್ಕೆ ಕೂರಿಸಿದ ಪಾದ ಇದು, ಶೂ ತೆಗೆದ್ರೆ ನಿಮ್ಮನ್ನು ಹಿಂದೆ ತಳ್ತದೆ. ತಿರುಗಿಸಿ ಬರಿಗಾಲಿಗೆ ಸರಿ ಮಾಡಿದ್ರೆ ಹೊರಗೆ ಶೂ ಹಾಕುವಾಗ ಮುಗ್ಗರಿಸ್ತೀರಿ. ಎತ್ತರ ಬದಲಾಯಿಸ್ಲಿಕ್ಕೆ ಆಗುವ ಪಾದ ಬೇರೆ ಬರ್ತದೆ, ಅದಕ್ಕೆ ಸಮಿತಿಯ ಪತ್ರ ಬೇಕು.”

“ಸಮಿತಿ ಈಗ ಕಿವಿಯಲ್ಲಿ ಉಂಟು ಮೇಡಂ.”

ಜೊವಿಟಾ ಅಳತೆಪಟ್ಟಿ ತೆಗೆದು ಶೂವಿನ ಹಿಮ್ಮಡಿ ಅಳೆದಳು. “ಹಾಗಾದ್ರೆ ಶೂ ತೆಗೆದಾಗ ಹಿಮ್ಮಡಿಯ ಅಡಿಗೆ ಮುಕ್ಕಾಲು ಇಂಚು ದಪ್ಪದ್ದು ಏನಾದ್ರೂ ಕಟ್ಬೇಕು. ಗಟ್ಟಿ ಇರ್ಬೇಕು, ಜಾರ್ಬಾರ್ದು.”

“ಮುಕ್ಕಾಲು ಇಂಚಾ?” ಎಂದ ದೂಮಪ್ಪ. ಕಾಲು ಹೋದ ಮೇಲಿನ ಒಂದೂವರೆ ವರ್ಷದಲ್ಲಿ ಮೊದಲ ಸಲ ಯಾರೋ ಅವನೊಡನೆ ಅಳತೆಯ ಮಾತಾಡಿದ್ದರು. ಅವನಿಗೆ ಅಲ್ಲೇ ಅರ್ಧ ಕಾಲು ಬಂದ ಹಾಗಾಯಿತು.

ಅಂಗಡಿಯಲ್ಲಿ ಬಿಸಾಡಲು ಇಟ್ಟಿದ್ದ ಕಾರ್ಪೆಟ್ ಚೂರುಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಪದರದ ಮೇಲೆ ಪದರ ಅಂಟಿಸಿ, ಅಡಿಗೆ ರಬ್ಬರು ಹಚ್ಚಿ, ಪರದೆಗೆ ಹಾಕುವ ವೆಲ್ಕ್ರೋ ಪಟ್ಟಿ ಹೊಲಿದು ಹಿಮ್ಮಡಿ ಮಾಡಿಕೊಂಡ. ಜೊವಿಟಾ ಅದರ ಒಂದು ಅಂಚನ್ನು ಉಜ್ಜಿ ಸರಿಮಾಡಿ, ಕ್ಲಿನಿಕ್ಕಿನ ಕಾರಿಡಾರಿನಲ್ಲಿ ಅವನನ್ನು ಇಪ್ಪತ್ತು ಸಲ ನಡೆಸಿದಳು. ಅವನು ಒಮ್ಮೆಯೂ ವಾಲಲಿಲ್ಲ.

ಪರೀಕ್ಷೆಗೆಂದು ಮಹ್ರೂಫ್ ಅವನನ್ನು ಕರೆದುಕೊಂಡು ಹೋದದ್ದು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ವಿಲ್ಲಾಕ್ಕೆ. ಐದು ಕಿಟಕಿ. ಬಾಗಿಲಲ್ಲಿ ‘ದಯವಿಟ್ಟು ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಚಂದದ ಫಲಕ. ದೂಮಪ್ಪ ಶೂ ಬಿಚ್ಚಿ, ಹಿಮ್ಮಡಿ ಕಟ್ಟಿ, ಪ್ಯಾಂಟು ಮಡಚಿ ಒಳಗೆ ಹೋದ. ಬಿದ್ದರೆ ಊರಿನ ಟಿಕೇಟು ಎಂಬುದು ಅವನಿಗೂ ಗೊತ್ತು, ಕೆಳಗೆ ಏಣಿ ಹಿಡಿದು ನಿಂತಿದ್ದ ಮಹ್ರೂಫಿಗೂ ಗೊತ್ತು. ಮೊದಲ ಕಿಟಕಿಗೆ ಅವನು ಒಂದೊಂದು ಮೆಟ್ಟಿಲನ್ನೂ ಎರಡು ಕೈಯಲ್ಲಿ ಹಿಡಿದು ಹತ್ತಿದ. ಎರಡನೆಯದಕ್ಕೆ ಒಂದು ಕೈ ಸಾಕಾಯಿತು. ನಾಲ್ಕನೆಯದಕ್ಕೆ ಹೋಗುವಾಗ ಮಹ್ರೂಫ್ ಏಣಿಯಿಂದ ಕೈ ತೆಗೆದರು. “ನಾಳೆ ಪಾಸ್‌ಪೋರ್ಟ್ ತನ್ನಿ ದೂಮಣ್ಣ, ವೀಸಾಕ್ಕೆ ಹಾಕುವ,” ಎಂದರು.

ಐದನೆಯ ಕಿಟಕಿಯ ಪಕ್ಕದ ಗೋಡೆಯಲ್ಲಿ ಚೌಕಟ್ಟು ಹಾಕಿದ ದೊಡ್ಡ ಫೋಟೋ ಇತ್ತು. ಅಧ್ಯಕ್ಷರು, ಬ್ಯಾನರು, ಕಾಲು, ಹೊಳೆಯುವ ಶೂ, ಎಲ್ಲವೂ ಸ್ಪಷ್ಟ. ದೂಮಪ್ಪನ ಮುಖದ ಮುಂದೆ ಮಾತ್ರ ಅಧ್ಯಕ್ಷರ ಮೊಣಕೈ ಅಡ್ಡ ಬಂದಿತ್ತು. ಅವನು ಏಣಿಯ ಮೇಲಿಂದ ತನ್ನ ಕಾಲನ್ನು ಗುರುತಿಸಿದ.

ಅಷ್ಟರಲ್ಲಿ ಆ ಮನೆಯ ಮಗಳು ತೃಷಾ ಕೋಣೆಗೆ ಬಂದಳು. ಏಣಿಯ ಮೇಲಿನ ಕಾಲಿನಲ್ಲಿ ಲಾಂಛನ ನೋಡಿ, “ಡ್ಯಾಡಿ, ದಟ್ಸ್ ಅವರ್ ಲೆಗ್!” ಎಂದು ಕೂಗಿದಳು.

ಅಧ್ಯಕ್ಷರು ಓಡಿ ಬಂದರು. ಕಾಲನ್ನು ನೋಡಿ ಬಹಳ ಸಂತೋಷಪಟ್ಟರು. “ಓಹೋ, ನಮ್ಮ ಫಲಾನುಭವಿ! ಏಣಿಯನ್ನೇ ಹತ್ತಿಬಿಟ್ರಲ್ಲ! ಇದು ವಾರ್ಷಿಕ ವರದಿಗೆ ಬೇಕೇ ಬೇಕು. ಇಳಿಯಿರಿ, ಒಂದು ಫೋಟೋ ತೆಗೆಯುವ. ಅದೆಂತ ಹಿಮ್ಮಡಿಗೆ ಚಿಂದಿ ಕಟ್ಟಿದ್ದು? ಚೆನ್ನಾಗಿ ಕಾಣುದಿಲ್ಲ. ನಾವು ಕೊಟ್ಟ ಶೂ ಹಾಕಿ ಬನ್ನಿ.”

ದೂಮಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನದ ಸಂಕೋಚ ಅದರ ಮುಂದೆ ನಿಲ್ಲಲಿಲ್ಲ.

“ಒಳಗೆ ಶೂ ಹಾಕ್ಲಿಕ್ಕೆ ಇಲ್ಲ ಅಂತ ನಿಮ್ಮ ಬಾಗಿಲಲ್ಲಿ ಬರ್ದದ್ದುಂಟು ಸರ್.”

ಅಧ್ಯಕ್ಷರು ಬಾಗಿಲ ಕಡೆ ನೋಡಿದರು, ಫೋಟೋದ ಕಡೆ ನೋಡಿದರು. ಮಾತು ಬದಲಿಸಲು ಏನಾದರೂ ಬೇಕಿತ್ತು. ಅಷ್ಟರಲ್ಲಿ ಮತ್ತೆ ಕೆಲಸಕ್ಕೆ ತಿರುಗಿ ಎರಡು ಕೈಯಲ್ಲೂ ಪರದೆ ಹಿಡಿದು, ಬಾಯಲ್ಲಿ ಎರಡು ಕೊಕ್ಕೆ ಕಚ್ಚಿಕೊಂಡು ಏಣಿಯ ತುದಿಯಲ್ಲಿ ನಿಂತವನನ್ನು ಬಹಳ ಕಾಳಜಿಯಿಂದ ಕೇಳಿದರು: “ಅದಿರ್ಲಿ, ಈಗ ಏನು ಕೆಲಸ ಮಾಡ್ಕೊಂಡಿದ್ದೀರಿ ನೀವು?”

ದೂಮಪ್ಪ ಎರಡೂ ಕೊಕ್ಕೆಗಳನ್ನು ನಿಧಾನವಾಗಿ ಕಂಬಿಗೆ ಸಿಕ್ಕಿಸಿದ.

“ಪರದೆ ಕಟ್ತಾ ಇದ್ದೇನೆ ಸರ್,” ಎಂದ. “ಫಾರಂನಲ್ಲಿ ಈಗಾದ್ರೂ ಬರ್ಕೊಳ್ಳಿ.”